ಪೆಟ್ರೋಲ್ ವಾಷರ್‌ನಲ್ಲಿ ಪ್ರೆಷರ್ ಬರುತ್ತಿಲ್ಲವೇ? ಪಂಪ್ ಬದಲಿಸುವ ಮುನ್ನ, ಬದಲಿಸುವಾಗ

ಕಬ್ಬಿನ ಹಂಗಾಮು ಶುರುವಾದರೆ ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆಯ ವಾಷಿಂಗ್ ಸೆಂಟರ್‌ಗಳ ಮುಂದೆ ಟ್ರ್ಯಾಕ್ಟರ್, ಟ್ರೇಲರ್‌ಗಳ ಸಾಲು ತಪ್ಪುವುದಿಲ್ಲ. ಮಡ್‌ಗಾರ್ಡಿನ ಒಳಗೆ ಒಣಗಿ ಕೂತ ಎರೆಮಣ್ಣು ಬರೀ ಪೈಪಿನ ನೀರಿಗೆ ಬಿಡುವುದಿಲ್ಲ. ಕರೆಂಟ್ ನೆಚ್ಚಿಕೊಳ್ಳಲಾಗದ ಹೊಲ, ತೋಟ, ಗಣಿ, ರಸ್ತೆ ಕಾಮಗಾರಿಯ ಜಾಗಗಳಲ್ಲಿ ಪೆಟ್ರೋಲ್ ಇಂಜಿನ್ನಿನ ಪ್ರೆಷರ್ ವಾಷರೇ ಗತಿ. ಅದರ ಪ್ರೆಷರ್ ಇಳಿದ ಕೂಡಲೇ ಕೇಳುವ ಮಾತು, "ಪಂಪ್ ಹೋಗೈತಿ, ಹೊಸಾದು ಹಾಕಸ್ರಿ." ಬಹಳ ಸಲ ಹೋಗಿರುವುದು ಪಂಪ್ ಅಲ್ಲ, ಸವೆದ ನೋಜಲ್ಲೋ, ಕಟ್ಟಿದ ಜಾಲರಿಯೋ, ಕಸ ಸಿಕ್ಕಿಕೊಂಡ ಅನ್‌ಲೋಡರೋ (ಟ್ರಿಗರ್ ಬಿಟ್ಟಾಗ ನೀರನ್ನು ಬೈಪಾಸ್ ದಾರಿಗೆ, ಅಂದರೆ ಮತ್ತೆ ಪಂಪಿನ ಒಳದಾರಿಗೆ, ತಿರುಗಿಸುವ ವಾಲ್ವ್) ಆಗಿರುತ್ತದೆ. ಪಂಪೇ ಹೋಗಿದ್ದರೂ ಅದನ್ನು ಕೊಂದ ಕಾರಣ ಹುಡುಕದೆ ಹೊಸದು ಕೂಡಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಇಲ್ಲಿ ಖರ್ಚಿಲ್ಲದ ತಪಾಸಣೆ ಮೊದಲು, ಪಂಪ್ ಬಿಚ್ಚುವುದು ಆಮೇಲೆ, ಹೊಸ ಪಂಪ್ ಕಡೆಗೆ.

ಕೈ ಹಾಕುವ ಮುನ್ನ

ಇಂಜಿನ್ ಬಂದ್ ಮಾಡಿ, ನೀರಿನ ವಾಲ್ವ್ ಮುಚ್ಚಿ, ಗನ್ನಿನ ಟ್ರಿಗರ್ ಒತ್ತಿ ಒಳಗಿನ ಪ್ರೆಷರ್ ಪೂರ್ತಿ ಬಿಡಿ. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕೆ ಸರಿಸಿ. ಪಾನಾ ಹಿಡಿಯುವುದು ಇಷ್ಟಾದ ಮೇಲೆಯೇ.

ಓಡುತ್ತಿರುವ ಮಷಿನ್ನಿನಲ್ಲಿ ಸೋರುವ ಜಾಗವನ್ನು ಬೆರಳಿಟ್ಟು ಹುಡುಕಬೇಡಿ. ಸುಮಾರು 7 ಬಾರ್ ಒತ್ತಡದ ಸಣ್ಣ ಧಾರೆಯೇ ಚರ್ಮ ತೂರಿ ಒಳಹೋಗಬಲ್ಲದು. ನಿಮ್ಮ ಹೋಸ್‌ನಲ್ಲಿರುವುದು 150–200 ಬಾರ್. ಅನುಮಾನದ ಜಾಗದ ಹತ್ತಿರ ರಟ್ಟಿನ ತುಂಡು ಹಿಡಿದು ನೋಡಿ. ಧಾರೆ ಕೈಗೋ ಕಾಲಿಗೋ ಹೊಕ್ಕರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ನೋವೂ ಮೊದಲಿಗೆ ಕಡಿಮೆ. ಒಳಗೆ ಮಾತ್ರ ಸ್ನಾಯು, ನರಗಳು ಹಾಳಾಗುತ್ತಿರುತ್ತವೆ. ಅರಿಶಿನ ಹಚ್ಚಿ ಕೂರುವ ಗಾಯವಲ್ಲ ಇದು. ತಡ ಮಾಡದೆ ಶಸ್ತ್ರಚಿಕಿತ್ಸೆ ಮಾಡುವವರಿರುವ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈ ಪ್ರೆಷರ್ ನೀರು ಚರ್ಮದ ಒಳಗೆ ಹೋಗಿದೆ" ಎಂದು ಸ್ಪಷ್ಟವಾಗಿ ಹೇಳಿ. ನೀರಿನಲ್ಲಿ ಸಾಬೂನು, ಔಷಧಿ ಇದ್ದರೆ ಅದನ್ನೂ ಹೇಳಿ.

ಬಾಗಿಲು ಹಾಕಿದ ಶೆಡ್‌ನಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ತಲೆ ಸುತ್ತುವ ಹೊತ್ತಿಗೆ ಎದ್ದು ಹೊರಬರುವ ಶಕ್ತಿಯೇ ಉಳಿದಿರುವುದಿಲ್ಲ.

ಬೇಕಾಗುವ ಸಾಮಾನು ಹೆಚ್ಚಿಲ್ಲ: 20 ಲೀಟರ್ ಬಕೆಟ್, ಗಡಿಯಾರವಿರುವ ಮೊಬೈಲ್, ಪಾನಾ ಸೆಟ್, ತೆಳು ತಂತಿ, ಸಾಧ್ಯವಾದರೆ 0–250 ಬಾರ್‌ನ ಗ್ಲಿಸರಿನ್ ತುಂಬಿದ ಒಂದು ಗೇಜ್. ಗೇಜನ್ನು ಪಂಪಿನ ಹೊರದಾರಿಗೆ ಟೀ ಹಾಕಿ ಕೂಡಿಸಿಕೊಂಡರೆ ಅರ್ಧ ಊಹೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಕಡೆ "150 ಕೆಜಿ ಪ್ರೆಷರ್" ಎನ್ನುವುದು ಚದರ ಸೆಂಟಿಮೀಟರಿಗೆ ಕೆಜಿ ಲೆಕ್ಕ. ಬಾರ್‌ಗೂ ಅದಕ್ಕೂ ಶೇ. 2ರಷ್ಟೇ ವ್ಯತ್ಯಾಸ, ಒಂದೇ ಎಂದುಕೊಳ್ಳಬಹುದು. ಪಿಎಸ್‌ಐನಲ್ಲಿ ಬರೆದಿದ್ದರೆ 14.5ರಿಂದ ಭಾಗಿಸಿ.

ಲಕ್ಷಣ: ಇಂಜಿನ್ ಚೆನ್ನಾಗಿ ಓಡುತ್ತದೆ, ನೀರೂ ಬರುತ್ತದೆ, ಹೊಡೆತ ಮಾತ್ರ ಇಲ್ಲ

ಹತ್ತರಲ್ಲಿ ಬಹುಪಾಲು ದೂರು ಇದೇ. ಅವಸರ ಮಾಡದೆ ಒಂದೊಂದಾಗಿ ನೋಡಿ.

ಮೊದಲು ನೋಜಲ್. ಕಪ್ಪು ಬಣ್ಣದ್ದು ಸಾಬೂನಿನ ನೋಜಲ್. ಅದರ ತೂತು ದೊಡ್ಡದು, ಪ್ರೆಷರ್ ಬರುವುದೇ ಇಲ್ಲ. ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಬಣ್ಣ ಹೇಳುವುದು ಧಾರೆಯ ಅಗಲವನ್ನು ಮಾತ್ರ. ತೂತಿನ ಅಳತೆ ನೋಜಲ್ ಮೈಮೇಲೆ ಕೊರೆದ ಅಂಕಿಯಲ್ಲಿದೆ: 15030 ಎಂದರೆ 15 ಡಿಗ್ರಿ, 030 ಅಳತೆ. 150 ಬಾರ್‌ನಲ್ಲಿ 030 ನೋಜಲ್ ನಿಮಿಷಕ್ಕೆ ಸುಮಾರು 8.4 ಲೀಟರ್ ಬಿಡುತ್ತದೆ, 040 ಸುಮಾರು 11 ಲೀಟರ್, 055 ಸುಮಾರು 15 ಲೀಟರ್. ನಿಮಿಷಕ್ಕೆ 8 ಲೀಟರ್‌ನ ಪಂಪಿಗೆ 055 ಹಾಕಿಕೊಂಡು ಪ್ರೆಷರ್ ಇಲ್ಲ ಎಂದರೆ ಪಂಪಿನ ತಪ್ಪಿಲ್ಲ.

ಅಳತೆ ಸರಿಯಿದ್ದರೂ ನೋಜಲ್ ಸವೆಯುತ್ತದೆ. ಕೃಷ್ಣೆ, ಘಟಪ್ರಭೆಯ ಕಾಲುವೆ ನೀರಿನ ಹೂಳು, ಬೋರ್‌ವೆಲ್ಲಿನ ಸಣ್ಣ ಮರಳು ಎರಡೂ ಆ ಪುಟ್ಟ ತೂತನ್ನು ಉಜ್ಜುತ್ತಲೇ ಇರುತ್ತವೆ. ತೂತಿನ ವಿಸ್ತೀರ್ಣ ಶೇ. 20ರಷ್ಟು ಹಿಗ್ಗಿದರೆ ಪ್ರೆಷರ್ ಶೇ. 30ರಷ್ಟು ಬೀಳುತ್ತದೆ, 200 ಬಾರ್ ಇದ್ದದ್ದು 140ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕಣ್ಣಿಗೆ ಈ ಸವೆತ ಕಾಣುವುದಿಲ್ಲ. ಹೊಸ ನೋಜಲ್ ಹಾಕಿ ನೋಡುವುದೇ ಪರೀಕ್ಷೆ, ಪಂಪಿನ ಬೆಲೆಯ ಮುಂದೆ ಅದರದ್ದು ಲೆಕ್ಕಕ್ಕಿಲ್ಲ.

ಎರಡನೆಯದು ನೀರು. ಪಂಪ್ ಪ್ರೆಷರ್ ಹುಟ್ಟಿಸುವುದು ತನಗೆ ಸಿಕ್ಕ ನೀರಿನಿಂದ. ವಾಷರ್‌ಗೆ ಬರುವ ಪೈಪನ್ನು ಬಿಚ್ಚಿ 20 ಲೀಟರ್ ಬಕೆಟ್ಟಿಗೆ ಬಿಡಿ. ಪಂಪ್ ಎಳೆಯುವುದಕ್ಕಿಂತ ಒಂದೂವರೆ ಪಟ್ಟು ನೀರು ಬರಬೇಕು: ನಿಮಿಷಕ್ಕೆ 10 ಲೀಟರ್‌ನ ಪಂಪಿಗೆ ಬಕೆಟ್ 80 ಸೆಕೆಂಡಿನೊಳಗೆ ತುಂಬಬೇಕು, 15 ಲೀಟರ್‌ನ ಪಂಪಿಗೆ 53 ಸೆಕೆಂಡಿನೊಳಗೆ. ಅರ್ಧ ಇಂಚಿನ ಉದ್ದನೆಯ ಪೈಪ್ ಎಳೆದಿರುವ ಕಡೆ ಈ ಪರೀಕ್ಷೆ ಗೆಲ್ಲುವುದು ಕಷ್ಟ. ಮುಕ್ಕಾಲು ಇಂಚಿನದು ಹಾಕಿ.

ಬ್ಯಾರಲ್‌ನಿಂದ ಎಳೆಯುವವರು ಇನ್ನೂ ಎಚ್ಚರಿಕೆಯಿಂದ ನೋಡಬೇಕು. ಚಿಕ್ಕ ಆಕ್ಸಿಯಲ್ ಪಂಪ್‌ಗಳು (ಓರೆ ತಟ್ಟೆ ಪಿಸ್ಟನ್‌ಗಳನ್ನು ತಳ್ಳುವ ಬಗೆ) ಕೆಳಗಿನಿಂದ ನೀರು ಎಳೆದುಕೊಳ್ಳಲು ಮಾಡಿದವಲ್ಲ. ಟಾಕಿ ಪಂಪಿಗಿಂತ ಎತ್ತರದಲ್ಲಿರಲಿ, ನೀರು ತಾನಾಗಿ ಇಳಿದು ಬರಲಿ. ಮೆತ್ತನೆಯ ಪೈಪ್ ಎಳೆತಕ್ಕೆ ಚಪ್ಪಟೆಯಾಗುತ್ತದೆ, ಅದಕ್ಕೆ ಒಳಗೆ ಸುರುಳಿ ಇರುವ ಸಕ್ಷನ್ ಹೋಸ್ ಬೇಕು. ಜಾಯಿಂಟ್‌ಗಳಲ್ಲಿನ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಅಲ್ಲಿ ನೀರು ಸೋರುವುದಿಲ್ಲ, ಬದಲಿಗೆ ಗಾಳಿ ಒಳಹೋಗುತ್ತದೆ. ಗಾಳಿ ನುಗ್ಗಿದ ಅಥವಾ ನೀರು ಸಾಲದ ಪಂಪ್ ಹರಳು ತುಂಬಿದ ಡಬ್ಬಿ ಅಲುಗಾಡಿಸಿದಂತೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಕೂಡಲೇ ನಿಲ್ಲಿಸಿ. ಅದೇ ಸ್ಥಿತಿಯಲ್ಲಿ ಓಡಿಸಿದರೆ ವಾಲ್ವ್, ಸೀಲ್, ಪಂಪಿನ ತಲೆ ಎಲ್ಲವೂ ಒಳಗಿನಿಂದ ತಿಂದುಹೋಗುತ್ತವೆ.

ಪಂಪಿನ ಒಳದಾರಿಯಲ್ಲಿ ಬೆರಳ ತುದಿಯಷ್ಟಿರುವ ಜಾಲರಿ ಇರುತ್ತದೆ. ಅದನ್ನು ಹೊರತೆಗೆದು ತೊಳೆಯಿರಿ. ಹರಿದಿದೆ ಎಂದು ಕಿತ್ತೆಸೆದು ಹಾಗೇ ಓಡಿಸುವವರು ಹೂಳನ್ನು ನೇರವಾಗಿ ವಾಲ್ವ್‌ಗಳಿಗೆ ಉಣಿಸುತ್ತಿದ್ದಾರೆ.

ಮೂರನೆಯದು ಇಂಜಿನ್ನಿನ ವೇಗ. ನೇರವಾಗಿ ಶಾಫ್ಟಿಗೆ ಕೂಡಿಸಿದ ಪಂಪುಗಳಿಗೆ 3400–3600 ಆರ್‌ಪಿಎಂ ಬೇಕು. ಟ್ರಿಗರ್ ಒತ್ತಿದ ಕೂಡಲೇ ಇಂಜಿನ್ ಸ್ವರ ಕುಗ್ಗಿ ಮೇಲೇಳದಿದ್ದರೆ ಏರ್ ಫಿಲ್ಟರ್, ಕಾರ್ಬುರೇಟರ್ ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಮಷಿನ್ನಿನ ಕಾರ್ಬುರೇಟರ್ ಬಟ್ಟಲಲ್ಲಿ ನೀರು, ಜಿಡ್ಡು ಕೂರುತ್ತದೆ. ಬಟ್ಟಲು ಬಿಚ್ಚಿ ಒರೆಸಿ, ಹೊಸ ಪೆಟ್ರೋಲ್ ಹಾಕಿ.

ಇಷ್ಟೂ ಸರಿಯಿದ್ದರೆ ನೋಜಲ್ ತೆಗೆದು ಲ್ಯಾನ್ಸನ್ನು (ಗನ್ನಿನ ಮುಂದಿನ ಉದ್ದ ಕೊಳವೆಯನ್ನು) ಬಕೆಟ್ಟಿಗೆ ಹಿಡಿದು ಓಡಿಸಿ, ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. ಪಂಪಿನ ತಗಡಿನ ಮೇಲೆ ಬರೆದಷ್ಟು ನೀರು ಬರುತ್ತಿದ್ದು, ನೋಜಲ್ ಹಾಕಿದಾಗ ಮಾತ್ರ ಗೇಜ್ ಏಳದಿದ್ದರೆ ಅನುಮಾನ ಅನ್‌ಲೋಡರ್ ಮೇಲೆ, ಇಲ್ಲವೇ ಸವೆದ ಸೀಲ್‌ಗಳ ಮೇಲೆ. ನೋಜಲ್ ಇಲ್ಲದಾಗಲೂ ನೀರು ಕಡಿಮೆ ಬಂದರೆ ನೀರಿನ ದಾರಿಯನ್ನು ಇನ್ನೊಮ್ಮೆ ನೋಡಿ; ಅಲ್ಲಿ ಏನೂ ಇಲ್ಲದಿದ್ದರೆ ವಾಲ್ವ್ ಅಂಟಿಕೊಂಡಿದೆ. ಇನ್ನೊಂದು ಸಾಧ್ಯತೆಯೂ ಉಂಟು: ಗೇಜ್ ಮೇಲೇರಿ ನಿಂತಿದೆ, ಗನ್ನಿನಲ್ಲಿ ಮಾತ್ರ ಹೊಡೆತ ಇಲ್ಲ. ಆಗ ಪಂಪ್ ಚೆನ್ನಾಗಿದೆ, ಹೋಸ್ ಅಥವಾ ಲ್ಯಾನ್ಸ್ ಒಳಗೆ ಕಟ್ಟಿದೆ.

ಅನ್‌ಲೋಡರ್ ಪರೀಕ್ಷೆ ಹೀಗೆ. ಅದರಿಂದ ಹೊರಗಡೆ ಬೈಪಾಸ್ ಪೈಪ್ ಇದ್ದರೆ ಆ ಪೈಪನ್ನು ಬಿಚ್ಚಿ ಬಕೆಟ್ಟಿಗಿಟ್ಟು, ಪೈಪ್ ಕೂಡಿದ್ದ ಒಳದಾರಿಯ ಬಾಯಿಗೆ ಪ್ಲಗ್ ಹಾಕಿ ಓಡಿಸಿ. ಟ್ರಿಗರ್ ಒತ್ತಿರುವಾಗ ಅದರಿಂದ ಧಾರೆ ಬರಬಾರದು. ಬಂದರೆ ಒಳಗಿನ ಸೀಟ್ ಸವೆದಿದೆ, ಕಸ ಸಿಕ್ಕಿದೆ, ಸ್ಪ್ರಿಂಗ್ ಸಡಿಲಾಗಿದೆ, ಅಥವಾ ನೋಜಲ್ ತೀರ ಚಿಕ್ಕದಾಗಿ ನೀರು ಬೇರೆ ದಾರಿ ಹಿಡಿದಿದೆ. ಬೈಪಾಸ್ ಪಂಪಿನ ಒಳಗೇ ಇರುವ ಮಾದರಿಗಳಲ್ಲಿ, ಗನ್ ತೆರೆದು ತೊಳೆಯುತ್ತಿರುವಾಗಲೂ ಪಂಪಿನ ತಲೆ ಬೇಗ ಬಿಸಿಯಾಗುವುದು ಇದರ ಗುರುತು. ಬಿಚ್ಚಿ, ಓ-ರಿಂಗ್ ನೋಡಿ, ಪಿಸ್ಟನ್ ಸರಾಗ ಜಾರುತ್ತದೆಯೇ ನೋಡಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಕೂಡಿಸಿ.

ಒಂದು ಕೆಟ್ಟ ಅಭ್ಯಾಸ ಎಲ್ಲೆಡೆ ಇದೆ: ಪ್ರೆಷರ್ ಇಲ್ಲ ಎಂದು ಅನ್‌ಲೋಡರ್ ಗುಬುಟನ್ನು ಕೊನೆಯವರೆಗೆ ಬಿಗಿಯುವುದು. ನೋಜಲ್ ಸವೆದಿರುವಾಗ ಅದನ್ನು ಬಿಗಿದರೆ ಪ್ರೆಷರ್ ಏರುವುದಿಲ್ಲ. ಆಮೇಲೆ ಯಾರೋ ಹೊಸ ನೋಜಲ್ ಹಾಕಿ ಟ್ರಿಗರ್ ಬಿಟ್ಟ ಕ್ಷಣದಲ್ಲಿ ಗೇಜ್ ಮಿತಿ ಮೀರಿ ಜಿಗಿಯುತ್ತದೆ, ಹೋಸ್ ಸಿಡಿಯುತ್ತದೆ, ಇಲ್ಲವೇ ಪಂಪಿನ ತಲೆ ಸೀಳುತ್ತದೆ. ಸರಿಯಾದ ಕ್ರಮ ಬೇರೆ: ಗುಬುಟನ್ನು ಪೂರ್ತಿ ಸಡಿಲಿಸಿ, ಓಡಿಸಿ, ಗನ್ ತೆರೆದಿಟ್ಟು ನಿಧಾನವಾಗಿ ಬಿಗಿಯುತ್ತ ಬನ್ನಿ. ಗೇಜ್ ಏರುವುದು ನಿಂತಲ್ಲಿಗೆ, ಅಥವಾ ಪಂಪಿನ ಮೇಲೆ ಬರೆದ ಪ್ರೆಷರ್ ಮುಟ್ಟಿದಲ್ಲಿಗೆ, ಯಾವುದು ಮೊದಲೋ ಅಲ್ಲಿಗೆ ನಿಲ್ಲಿಸಿ. ಟ್ರಿಗರ್ ಬಿಟ್ಟಾಗ ಮುಳ್ಳು 150ರಿಂದ 165–175ರವರೆಗೆ ಹೋಗಬಹುದು. ಅದನ್ನು ದಾಟಿದರೆ ಸಡಿಲಿಸಿ.

ಲಕ್ಷಣ: ಗನ್ ಕೈಯಲ್ಲಿ ಜಗ್ಗುತ್ತದೆ, ಧಾರೆ ಬಿಟ್ಟು ಬಿಟ್ಟು ಬರುತ್ತದೆ

ಹೋಸ್ ನೆಲದ ಮೇಲೆ ಕುಣಿಯುತ್ತಿದೆ, ಗೇಜಿನ ಮುಳ್ಳು ಒಂದೇ ಸಮ ನಡುಗುತ್ತಿದೆ ಎಂದರೆ ನೀರನ್ನು ತಳ್ಳುವ ಮೂರು ಪ್ಲಂಜರ್‌ಗಳಲ್ಲಿ (ಪಿಸ್ಟನ್‌ನಂಥ ದಂಡಗಳಲ್ಲಿ) ಒಂದು ಕೆಲಸ ಮಾಡುತ್ತಿಲ್ಲ. ಮೊದಲು ಗಾಳಿ ತೆಗೆಯಿರಿ: ನೋಜಲ್ ತೆಗೆದು, ನೀರು ಬಿಟ್ಟು, ಟ್ರಿಗರ್ ಒತ್ತಿ ಒಂದೆರಡು ನಿಮಿಷ ಹರಿಯಲಿ. ಹೋಗದಿದ್ದರೆ ವಾಲ್ವ್.

ಮೂರು ಪ್ಲಂಜರ್‌ನ ಪಂಪಿನಲ್ಲಿ ಆರು ವಾಲ್ವ್ ಇರುತ್ತವೆ: ಮೂರು ನೀರು ಒಳಬರಲು, ಮೂರು ಹೊರಹೋಗಲು. ಪಂಪಿನ ತಲೆಯ ಮೇಲಿನ ಹಿತ್ತಾಳೆ ಷಟ್ಕೋನ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಗುಡ್ಡೆ ಹಾಕಬೇಡಿ; ಬಟ್ಟೆ ಹಾಸಿ, ತೆಗೆದ ಸಾಲಿನಲ್ಲೇ ಇಡಿ. ವಾಲ್ವನ್ನು ಕಡ್ಡಿಯಿಂದ ಒತ್ತಿದರೆ ಒಳಗಿನ ತಟ್ಟೆ ಹೋಗಿ ಟಕ್ಕನೆ ಮರಳಬೇಕು. ಮರಳದಿದ್ದರೆ ಅಥವಾ ಸೀಟಿನಲ್ಲಿ ಗೀರು ಕಂಡರೆ ಅದು ಹೋಗಿದೆ.

ವಿಜಯಪುರ, ಬಾಗಲಕೋಟೆ ಕಡೆಯ ಬೋರ್ ನೀರು ಗಡಸು. ಬಿಚ್ಚಿದ ವಾಲ್ವ್ ಮೇಲೆ ಬಿಳಿ ಹಿಟ್ಟಿನಂತೆ ಸುಣ್ಣ ಕಟ್ಟಿರುವುದು ಇಲ್ಲಿ ಮಾಮೂಲು. ರಬ್ಬರ್ ರಿಂಗ್ ತೆಗೆದು, ಸಿಟ್ರಿಕ್ ಆಸಿಡ್ ಕರಗಿಸಿದ ಉಗುರುಬೆಚ್ಚನೆ ನೀರಿನಲ್ಲಿ ವಾಲ್ವನ್ನು ಅರ್ಧ ಗಂಟೆ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬೇಡಿ, ಹಿತ್ತಾಳೆ ತಿಂದು ಬಿಡುತ್ತದೆ. ಬದಲಿಸುವುದಾದರೆ ಆರನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಸವೆಸಿದ ನೀರಿನಲ್ಲೇ ಉಳಿದ ಐದೂ ಓಡಿವೆ.

ಲಕ್ಷಣ: ಸ್ಟಾರ್ಟರ್ ಹಗ್ಗ ಎಳೆಯಲು ಬರುವುದಿಲ್ಲ

ಗನ್ನಿನ ಟ್ರಿಗರ್ ಒತ್ತಿ ಹಿಡಿದು ಎಳೆಯಿರಿ. ಸಡಿಲವಾಗಿ ಬಂದರೆ ಒಳಗೆ ಪ್ರೆಷರ್ ಸಿಕ್ಕಿಕೊಂಡಿತ್ತು ಅಷ್ಟೇ, ಪ್ರತಿ ಸಲ ಹಾಗೆಯೇ ಸ್ಟಾರ್ಟ್ ಮಾಡಿ. ಆದರೂ ಬರದಿದ್ದರೆ ಪಂಪ್ ಬೋಲ್ಟ್ ಬಿಚ್ಚಿ, ಪಂಪನ್ನು ಶಾಫ್ಟಿನಿಂದ ಎಳೆದು ಬೇರೆ ಮಾಡಿ, ಬರೀ ಇಂಜಿನ್ ಎಳೆದು ನೋಡಿ. ಇಂಜಿನ್ ಸರಾಗ ತಿರುಗಿದರೆ ಹಿಡಿದುಕೊಂಡಿರುವುದು ಪಂಪ್: ತಿಂಗಳುಗಟ್ಟಲೆ ನೀರು ಒಳಗೇ ಒಣಗಿ ಪ್ಲಂಜರ್ ಅಂಟಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಕೈಯಿಂದ ಶಾಫ್ಟ್ ಸುತ್ತಲು ಬಾರದ, ಗರಗರ ಎನ್ನುವ ಪಂಪಿಗೆ ರಿಪೇರಿ ಹುಡುಕುತ್ತ ಹೊತ್ತು ಕಳೆಯಬೇಡಿ.

ಲಕ್ಷಣ: ಟ್ರಿಗರ್ ಬಿಟ್ಟರೆ ಇಂಜಿನ್ ನಿಲ್ಲುತ್ತದೆ, ಅಥವಾ ಸುಮ್ಮನಿರುವಾಗ ಢಬ್ ಢಬ್ ಎನ್ನುತ್ತದೆ

ನಿಂತುಹೋದರೆ ಅನ್‌ಲೋಡರ್ ಅಂಟಿದೆ, ನೀರಿಗೆ ಬೈಪಾಸ್ ದಾರಿ ತೆರೆಯುತ್ತಿಲ್ಲ. ಹಾಗೆ ಓಡಿಸುವುದು ಅಪಾಯ, ಸರಿಯಾಗುವವರೆಗೆ ಬಳಸಬೇಡಿ.

ಟ್ರಿಗರ್ ಮುಟ್ಟದೆಯೂ ಕೆಲವು ಸೆಕೆಂಡಿಗೊಮ್ಮೆ ಇಂಜಿನ್ ಏರಿಳಿದರೆ ಅನ್‌ಲೋಡರ್‌ಗೂ ಗನ್ನಿಗೂ ನಡುವೆ ಎಲ್ಲೋ ಸೋರಿಕೆ ಇದೆ: ಗನ್ನಿನ ವಾಲ್ವ್, ಕ್ವಿಕ್ ಕಪ್ಲರ್‌ನ ಓ-ರಿಂಗ್, ಹೋಸ್ ತುದಿ. ಓ-ರಿಂಗ್‌ಗಳಿಂದ ಶುರು ಮಾಡಿ.

ಲಕ್ಷಣ: ಪಂಪಿನ ಕೆಳಗೆ ಬಿಸಿನೀರು ತೊಟ್ಟಿಕ್ಕುತ್ತದೆ

ಗಾಬರಿ ಬೇಡ, ಅದು ಥರ್ಮಲ್ ವಾಲ್ವ್. ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಂಡು ಬಿಸಿನೀರನ್ನು ಹೊರಬಿಡುತ್ತದೆ. ಟ್ರಿಗರ್ ಬಿಟ್ಟಾಗ ಅದೇ ನೀರು ಪಂಪಿನೊಳಗೆ ಸುತ್ತುತ್ತ ಕಾಯುತ್ತದೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೈಪಾಸ್‌ನಲ್ಲಿ ಬಿಡಬೇಡಿ. ಟೈರ್ ಬಿಚ್ಚಲು, ಗಿರಾಕಿಯ ಜೊತೆ ಮಾತಾಡಲು ಹೋಗುವಾಗ ಇಂಜಿನ್ ಬಂದ್ ಮಾಡಿ. ವಿಜಯಪುರದ ಏಪ್ರಿಲ್–ಮೇ ಬಿಸಿಲಿನಲ್ಲಿ ಕಪ್ಪು ಟಾಕಿಯ ನೀರು ಮೊದಲೇ ಕಾದಿರುತ್ತದೆ, ಆಗ ಈ ಅವಧಿ ಇನ್ನೂ ಕಡಿಮೆ. ತಣ್ಣಗಿರುವಾಗಲೂ ಸೋರಿದರೆ ವಾಲ್ವ್ ಬದಲಿಸಿ. ಪ್ಲಗ್ ಹಾಕಿ ಮುಚ್ಚಬೇಡಿ. ಸೀಲ್‌ಗಳನ್ನು ಕಾಯುವುದು ಅದೇ.

ಲಕ್ಷಣ: ನೀರು ಸೋರುತ್ತದೆ, ಆಯಿಲ್ ಸೋರುತ್ತದೆ, ಆಯಿಲ್ ಹಾಲಿನಂತಾಗಿದೆ

ತಲೆಗೂ ಆಯಿಲ್ ಭಾಗಕ್ಕೂ ನಡುವಿನ ಸಣ್ಣ ತೂತುಗಳಿಂದ ನೀರು ಹನಿಯುವುದು ವಾಟರ್ ಸೀಲ್ ಸವೆದ ಗುರುತು. ನಿಮಿಷಕ್ಕೆ ಒಂದೆರಡು ಹನಿಯಾದರೆ ಕೆಲಸ ಮುಗಿಸಿ ಸೀಲ್ ಕಿಟ್ ತರಿಸಬಹುದು. ಧಾರೆಯಾಗಿ ಬಂದರೆ ಈಗಲೇ ನಿಲ್ಲಿಸಿ. ಆಯಿಲ್ ನೋಡುವ ಗಾಜಿನಲ್ಲಿ ಹಾಲಿನಂಥ ಬಣ್ಣ ಕಂಡರೆ ನೀರು ಒಳಗೆ ಸೇರಿದೆ. ಆ ಆಯಿಲ್‌ನಲ್ಲಿ ಬೇರಿಂಗ್ ಬಹಳ ದಿನ ಉಳಿಯುವುದಿಲ್ಲ. ಮಳೆಗಾಲದಲ್ಲಿ ಹೊರಗೆ ನಿಂತ ಮಷಿನ್ನಿನಲ್ಲಿ ಬರೀ ತೇವದಿಂದಲೂ ಹೀಗಾಗುತ್ತದೆ. ಒಮ್ಮೆ ಆಯಿಲ್ ಬದಲಿಸಿ ಕೆಲವು ಗಂಟೆ ಓಡಿಸಿ ನೋಡಿ, ಮತ್ತೆ ಹಾಲಾದರೆ ಸೀಲ್.

ಪ್ಲಂಜರ್ ಕಡೆಯಿಂದ ಆಯಿಲ್ ಬಂದರೆ ಅಲ್ಲಿನ ಆಯಿಲ್ ಸೀಲ್, ಇಂಜಿನ್–ಪಂಪ್ ಸೇರುವಲ್ಲಿ ಬಂದರೆ ಶಾಫ್ಟ್ ಸೀಲ್. ಎರಡನೆಯದರಲ್ಲಿ ಅದು ಇಂಜಿನ್ನಿನ ಆಯಿಲ್ಲೋ ಪಂಪಿನದೋ ನೋಡಿ: ಯಾವುದರ ಮಟ್ಟ ಇಳಿದಿದೆಯೋ ಅದರದೇ.

ಸೀಲ್ ಬದಲಿಸುವಾಗ ಪ್ಲಂಜರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಬಿಳಿ ಸೆರಾಮಿಕ್ ಮೇಲೆ ಕೂದಲೆಳೆಯ ಬಿರುಕಿದ್ದರೂ ಹೊಸ ಸೀಲ್ ಕೆಲವೇ ದಿನದಲ್ಲಿ ಹರಿಯುತ್ತದೆ. ನೀರಿಲ್ಲದೆ ಓಡಿ ಕಾದ ಪಂಪಿಗೆ ದಿಢೀರನೆ ತಣ್ಣೀರು ಬಿಟ್ಟರೆ ಸೆರಾಮಿಕ್ ಸೀಳುತ್ತದೆ. ಸೀಲ್ ಕಿಟ್ ಪ್ಲಂಜರಿನ ವ್ಯಾಸಕ್ಕೆ ಹೊಂದಬೇಕು. 15, 18, 20 ಮಿ.ಮೀ. ಹೀಗೆ ಬೇರೆ ಬೇರೆ ಇರುತ್ತವೆ, ವರ್ನಿಯರ್ ಹಿಡಿದು ಅಳೆದು ಕೊಳ್ಳಿ.

ಗಾಡಿ ತೊಳೆದ ಮೇಲೆ ಅಡಿಭಾಗಕ್ಕೆ ಡೀಸೆಲ್ ಹೊಡೆಯುವುದು ಹಲವೆಡೆ ರೂಢಿ. ಅದನ್ನು ಈ ಪಂಪಿನಿಂದ ಮಾಡಿದರೆ ರಬ್ಬರ್ ಸೀಲ್ ಉಬ್ಬುತ್ತದೆ, ಕಾದ ಸೈಲೆನ್ಸರ್ ಪಕ್ಕದಲ್ಲಿ ಬೆಂಕಿಯ ಭಯ ಬೇರೆ.

ರಿಪೇರಿಯೋ ಹೊಸದೋ

ವಾಲ್ವ್ ಮಾತ್ರ, ಸೀಲ್ ಮಾತ್ರ, ಅನ್‌ಲೋಡರ್ ಮಾತ್ರ ಎಂದಾದರೆ ರಿಪೇರಿ. ತಲೆ ಸೀಳಿದ್ದರೆ, ಶಾಫ್ಟ್ ಆಡುತ್ತಿದ್ದರೆ, ಆಯಿಲ್‌ನಲ್ಲಿ ಲೋಹದ ಚೂರು ಹೊಳೆದರೆ ಹೊಸದು. ವಾಲ್ವ್, ಸೀಲ್, ಪ್ಲಂಜರ್ ಮೂರೂ ಬೇಕಾಗಿ ಒಟ್ಟು ಖರ್ಚು ಹೊಸ ಪಂಪಿನ ಅರ್ಧ ದಾಟುವುದಾದರೂ ಹೊಸದೇ ಲೇಸು. ಸೀಳಿದ ತಲೆಗೆ ವೆಲ್ಡಿಂಗ್ ಮಾಡಿಸುವವರಿದ್ದಾರೆ; 150 ಬಾರ್ ತಡೆಯುವ ಭಾಗಕ್ಕೆ ಅದು ಸಲ್ಲದು. ಬೇರಿಂಗ್, ಶಾಫ್ಟ್ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಲ್ಲ ಫಿಟ್ಟರ್‌ಗಳಿದ್ದಾರೆ, ಅಲ್ಲಿ ತೋರಿಸಿ.

ಹೊಸ ಪಂಪ್ ಆರಿಸುವುದು

ಅಂಗಡಿಗೆ ಹೋಗಿ "ಆರೂವರೆ ಎಚ್‌ಪಿ ಇಂಜಿನ್ನಿಗೆ ಒಂದು ಪಂಪ್ ಕೊಡ್ರಿ" ಎನ್ನುವುದು ತೊಂದರೆಯ ಮೊದಲ ಹೆಜ್ಜೆ. ಹಳೆಯ ಪಂಪ್ ಬಿಚ್ಚಿಕೊಂಡು ಹೋಗಿ, ಇಂಜಿನ್ ಶಾಫ್ಟಿನ ಅಳತೆ ಬರೆದುಕೊಂಡು ಹೋಗಿ.

ಶಾಫ್ಟ್ ಅಳತೆಯಲ್ಲೇ ಹೆಚ್ಚಿನವರು ಸೋಲುವುದು. ಹೋಂಡಾ ಜಿಎಕ್ಸ್ 160, ಜಿಎಕ್ಸ್ 200 ಮತ್ತು ಅವುಗಳ ನಕಲು ಇಂಜಿನ್ನುಗಳು ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಶಾಫ್ಟಿನಲ್ಲೂ ಬರುತ್ತವೆ, 20 ಮಿ.ಮೀ. ಶಾಫ್ಟಿನಲ್ಲೂ ಬರುತ್ತವೆ. ಕಣ್ಣಿಗೆ ಎರಡೂ ಒಂದೇ. ಮುಕ್ಕಾಲು ಇಂಚಿನ ಪಂಪ್ 20 ಮಿ.ಮೀ. ಶಾಫ್ಟಿಗೆ ಹೋಗುವುದೇ ಇಲ್ಲ; 20 ಮಿ.ಮೀ. ಪಂಪನ್ನು ಮುಕ್ಕಾಲು ಇಂಚಿನ ಶಾಫ್ಟಿಗೆ ಹಾಕಿದರೆ ಆಟ ಉಳಿದು ಕೀ ಕಡಿದುಹೋಗುತ್ತದೆ. ಜಿಎಕ್ಸ್ 390 ಅಳತೆಯ ಇಂಜಿನ್ನುಗಳಲ್ಲಿ ಇದೇ ಗೊಂದಲ 25 ಮತ್ತು 25.4 ಮಿ.ಮೀ. ನಡುವೆ. ಸ್ಕೇಲ್ ಸಾಲದು, ವರ್ನಿಯರ್ ಬೇಕು. ಶಾಫ್ಟ್ ಅಡ್ಡ ಇದೆಯೋ ಕೆಳಮುಖ ಇದೆಯೋ, ಅದರ ಉದ್ದ, ಕೀ ಅಗಲ, ನಾಲ್ಕು ಬೋಲ್ಟ್‌ಗಳ ನಡುವಿನ ಅಂತರ, ಬೋಲ್ಟ್ ಇಂಚಿನದೋ ಮಿಲಿಮೀಟರಿನದೋ ಎಂಬುದನ್ನೂ ಬರೆದುಕೊಳ್ಳಿ. 5/16 ಇಂಚಿನ ನವಿರು ಚೂಡಿಯ ಬೋಲ್ಟ್ ಇರುವಲ್ಲಿ 8 ಮಿ.ಮೀ. ಬೋಲ್ಟ್ ತುರುಕಿದರೆ ಇಂಜಿನ್ನಿನ ಅಲ್ಯೂಮಿನಿಯಂ ಚೂಡಿ ಕಿತ್ತುಬರುತ್ತದೆ.

ಆಮೇಲೆ ಶಕ್ತಿಯ ಲೆಕ್ಕ. ಬಾರ್ ಅನ್ನು ನಿಮಿಷದ ಲೀಟರ್‌ನಿಂದ ಗುಣಿಸಿ 290ರಿಂದ ಭಾಗಿಸಿ, ಪೆಟ್ರೋಲ್ ಇಂಜಿನ್ನಿಗೆ ಬೇಕಾದ ಎಚ್‌ಪಿ ಸುಮಾರಾಗಿ ಸಿಗುತ್ತದೆ. 150 ಬಾರ್, 15 ಲೀಟರ್‌ಗೆ 2250. ಭಾಗಿಸಿದರೆ ಹೆಚ್ಚುಕಡಿಮೆ 7.8. ಅಂದರೆ ಆರೂವರೆ ಎಚ್‌ಪಿ ಇಂಜಿನ್ ಇದನ್ನು ಎಳೆಯುವುದಿಲ್ಲ. ಅದಕ್ಕೆ 150 ಬಾರ್‌ನಲ್ಲಿ 12 ಲೀಟರ್ ಮೀರದ ಪಂಪ್ ಸರಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಗಾಳಿ ತೆಳುವಾಗಿ ಇಂಜಿನ್ನಿನ ಶಕ್ತಿ ಶೇ. 8ರಷ್ಟು ಕಡಿಮೆಯೇ ಸಿಗುತ್ತದೆ, ಅದಕ್ಕೆ ಜಾಗ ಬಿಡಿ. ಅಂಕಿಗಳ ಆಸೆಗೆ ದೊಡ್ಡ ಪಂಪ್ ಹಾಕಿದರೆ ಇಂಜಿನ್ ಉಸಿರುಗಟ್ಟಿ ಎರಡೂ ಹಾಳು. ಎರೆಮಣ್ಣು ಬಿಡಿಸಲು ಪ್ರೆಷರ್‌ಗಿಂತ ನೀರಿನ ಪ್ರಮಾಣ ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ: ಅದೇ ಎಚ್‌ಪಿಯಲ್ಲಿ 200 ಬಾರ್, 9 ಲೀಟರ್‌ಗಿಂತ 150 ಬಾರ್, 12 ಲೀಟರ್ ಟ್ರ್ಯಾಕ್ಟರನ್ನು ಬೇಗ ಸ್ವಚ್ಛ ಮಾಡುತ್ತದೆ, ಬಣ್ಣವೂ ಉಳಿಯುತ್ತದೆ.

ಬಗೆ ಯಾವುದು? ವಾಬಲ್ ಪ್ಲೇಟ್ ಪಂಪ್ ಅಗ್ಗ, ಮನೆಯ ಬೈಕ್ ತೊಳೆಯಲು ಸಾಕು. ಆಕ್ಸಿಯಲ್ ಅದಕ್ಕಿಂತ ಮೇಲು, ವಾರಕ್ಕೊಮ್ಮೆ ಓಡಿಸುವ ತೋಟದವರಿಗೆ ಹೊಂದುತ್ತದೆ. ದಿನವಿಡೀ ಓಡುವ ವಾಷಿಂಗ್ ಸೆಂಟರ್‌ಗೆ ಕ್ರ್ಯಾಂಕ್ ಶಾಫ್ಟ್ ಇರುವ ಟ್ರಿಪ್ಲೆಕ್ಸ್ (ಮೂರು ಪ್ಲಂಜರ್‌ನ) ಪಂಪ್ ಬಿಟ್ಟು ಬೇರೆ ಯೋಚಿಸಬೇಡಿ. ಅದರ ಸೀಲ್, ವಾಲ್ವ್, ಪ್ಲಂಜರ್ ಎಲ್ಲ ಬೇರೆ ಬೇರೆಯಾಗಿ ಬದಲಿಸಬಹುದು. ಬೆಲ್ಟ್ ಅಥವಾ ಗೇರ್ ಹಾಕಿ 1450–1750 ಆರ್‌ಪಿಎಂನಲ್ಲಿ ಓಡುವ ಪಂಪ್ 3400ರಲ್ಲಿ ಓಡುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. 1450ಕ್ಕೆ ಮಾಡಿದ ಪಂಪನ್ನು ನೇರ ಇಂಜಿನ್ ಶಾಫ್ಟಿಗೆ ಕೂಡಿಸುವುದು ಮಾತ್ರ ಬೇಡ.

ದ್ರಾಕ್ಷಿ, ದಾಳಿಂಬೆ ತೋಟದವರ ಬಳಿ ಔಷಧಿ ಹೊಡೆಯುವ ಎಚ್‌ಟಿಪಿ ಪಂಪ್ ಇರುತ್ತದೆ. ಅದರ ಪ್ರೆಷರ್ 20–40 ಕೆಜಿ. ವಾಷರ್ ಪಂಪಿಗೆ ಅದು ಬದಲಿಯಲ್ಲ, ಔಷಧಿ ಓಡಿದ ಪಂಪಿನಿಂದ ಗಾಡಿ, ಪಾತ್ರೆ ತೊಳೆಯುವುದೂ ಸಲ್ಲ.

ಕೊನೆಗೆ ತುದಿಗಳು. ಹೋಸ್ ಕೂಡುವ ಎಂ22 ನಿಪ್ಪಲ್ ಒಳಗಿನ ಪಿನ್ 14 ಮಿ.ಮೀ. ಮತ್ತು 15 ಮಿ.ಮೀ. ಎಂದು ಎರಡು ಬಗೆ. 14ರ ಪಿನ್ 15ರ ತೂತಿಗೆ ಹೋಗುತ್ತದೆ, ಆದರೆ ಸೋರುತ್ತದೆ. ಅಮೆರಿಕದ ಮಾದರಿಯ ಪಂಪ್‌ಗಳ ನೀರಿನ ಒಳದಾರಿಯ ಚೂಡಿ ನಮ್ಮ ಬಿಎಸ್‌ಪಿ (ಬ್ರಿಟಿಷ್ ಅಳತೆಯ ಪೈಪ್) ಚೂಡಿಗೆ ಕೂಡುವುದಿಲ್ಲ. ಟೆಫ್ಲಾನ್ ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳದೆ ಅಡಾಪ್ಟರ್ ಕೇಳಿ. ದುಡ್ಡು ಕೊಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿ: ಈ ಪಂಪಿನ ವಾಲ್ವ್ ಕಿಟ್, ಸೀಲ್ ಕಿಟ್ ನಿಮ್ಮಲ್ಲಿ ಈಗ ಇದೆಯೇ? ಇಲ್ಲ ಎಂದರೆ ಬೇರೆ ಪಂಪ್ ತೋರಿಸಲು ಹೇಳಿ.

ಕೂಡಿಸುವುದು, ಮೊದಲ ಓಟ

ಶಾಫ್ಟಿನ ತುಕ್ಕನ್ನು ನವಿರು ಎಮರಿ ಪೇಪರ್‌ನಿಂದ ತೆಗೆದು ಆಂಟಿ-ಸೀಜ್ ಅಥವಾ ಗ್ರೀಸ್ ತೆಳುವಾಗಿ ಸವರಿ. ಇದನ್ನು ಬಿಟ್ಟರೆ ಮುಂದಿನ ಸಲ ಪಂಪ್ ಶಾಫ್ಟಿನಿಂದ ಬರುವುದೇ ಇಲ್ಲ. ಕೀ ಕೂಡಿಸಿ ಪಂಪನ್ನು ಕೈಯಿಂದ ತಳ್ಳಿ. ಸುತ್ತಿಗೆಯಿಂದ ಹೊಡೆದು ಹೊಗಿಸಬೇಡಿ, ಬೋಲ್ಟ್‌ನಿಂದ ಎಳೆಸಿಯೂ ಕೂಡಿಸಬೇಡಿ. ನಾಲ್ಕು ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪ ಬಿಗಿಯಿರಿ.

ಕೆಲವು ಪಂಪ್‌ಗಳಲ್ಲಿ ಆಯಿಲ್ ತುಂಬಿ ಬರುತ್ತದೆ, ಕೆಲವು ಖಾಲಿ ಬರುತ್ತವೆ. ಗಾಜಿನ ಅರ್ಧದವರೆಗೆ ಇದೆಯೇ ನೋಡಿ. ಸಾಗಣೆಗೆ ಹಾಕಿದ ಮುಚ್ಚಿದ ಪ್ಲಗ್ ತೆಗೆದು ಗಾಳಿಕಿಂಡಿಯಿರುವ ಮುಚ್ಚಳ ಹಾಕಿ. ಮರೆತರೆ ಒಳಗಿನ ಬಿಸಿಗಾಳಿಯ ಒತ್ತಡಕ್ಕೆ ಆಯಿಲ್ ಸೀಲ್ ಹೊರಬರುತ್ತದೆ.

ಒಳದಾರಿಗೆ 50–80 ಮೆಶ್‌ನ (ಇಂಚಿಗೆ ಅಷ್ಟು ಕಣ್ಣುಗಳ ಜಾಲರಿಯ) ಹೊಸ ಫಿಲ್ಟರ್ ಹಾಕಿ. ಹಳೆಯ ಸವೆದ ನೋಜಲ್ ಬಳಸಬೇಡಿ, ಹಳೆಯ ಹೋಸನ್ನು ತಿರುಗಿಸಿ ನೋಡಿ, ಉಬ್ಬಿದ, ತಂತಿ ಕಾಣುವ ಹೋಸ್ ಹೊರಗೆ ಹಾಕಿ. ನೀರು ಬಿಟ್ಟು, ನೋಜಲ್ ಇಲ್ಲದೆ, ಟ್ರಿಗರ್ ಒತ್ತಿ, ಗಾಳಿಯ ಗುಳ್ಳೆ ನಿಂತು ಧಾರೆ ಒಂದೇ ಸಮ ಆಗುವವರೆಗೆ ಕಾಯಿರಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಹಾಗೇ ಹರಿಸಿ, ಬಂದ್ ಮಾಡಿ, ನೋಜಲ್ ಹಾಕಿ, ಅನ್‌ಲೋಡರನ್ನು ಮೇಲೆ ಹೇಳಿದ ಕ್ರಮದಲ್ಲಿ ಹೊಂದಿಸಿ. ಹತ್ತು ನಿಮಿಷ ಓಡಿಸಿದ ಮೇಲೆ ಬಂದ್ ಮಾಡಿ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ.

ಮೊದಲ ಆಯಿಲ್ ಬದಲಾವಣೆ 50 ಗಂಟೆಗೆ. ಆಗ ಹೊಸ ಭಾಗಗಳ ಲೋಹದ ಪುಡಿ ಹೊರಬರುತ್ತದೆ. ನಂತರ ಪಂಪಿನ ಪುಸ್ತಿಕೆ ಹೇಳಿದಂತೆ ಬದಲಿಸಿ. ಹಂಗಾಮು ಮುಗಿದು ಮಷಿನ್ ಮೂಲೆಗೆ ಹೋಗುವ ದಿನ ಸಿಹಿನೀರು ಹರಿಸಿ ಸವಳು ನೀರು, ಸಾಬೂನು ತೊಳೆದುಹೋಗಲು ಬಿಡಿ, ಪೈಪ್ ಬಿಚ್ಚಿ ಹಗ್ಗವನ್ನು ನಾಲ್ಕೈದು ಸಲ ಎಳೆದು ನೀರು ಖಾಲಿ ಮಾಡಿ, ಪೆಟ್ರೋಲ್ ಟಾಕಿ ಮತ್ತು ಕಾರ್ಬುರೇಟರ್ ಬಟ್ಟಲು ಬರಿದು ಮಾಡಿ ಇಡಿ.